ಪರದೆಯ ಮುಂದಿನ ವಿದೂಷಕರು

ಕೂಡಿಯಾಟ್ಟದ ವಿದೂಷಕನನ್ನು ಮಲೆಯಾಳದ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ನಾಯಕನು ಗಂಭೀರವಾಗಿ ಶ್ಲೋಕ ಹೇಳಿದರೆ, ಇವನು ಅದೇ ಧಾಟಿಯಲ್ಲಿ ಊಟದ ಮೇಲೋ ಹಸಿವಿನ ಮೇಲೋ ಒಂದು ಪ್ರತಿಶ್ಲೋಕ ಕಟ್ಟುತ್ತಾನೆ. ನಮ್ಮ ಯಕ್ಷಗಾನದ ಹಾಸ್ಯಗಾರನೂ ರಾಜನ ಮುಂದೆಯೇ ರಾಜನನ್ನು ಕೆಣಕುವವನು. ಇವರಿಬ್ಬರೂ ಆಟದ ಒಳಗಿನವರೇ ಹೊರತು ಹೊರಗೆ ನಿಂತು ಕಲ್ಲೆಸೆಯುವವರಲ್ಲ.

ಈ ವಿದೂಷಕನ ವಂಶ ಚಲಚ್ಚಿತ್ರಕ್ಕೂ ದಾಟಿ ಬಂದಿತು. ಅಮೆರಿಕದ ಮಿನಿಯಾಪೊಲಿಸ್ ನಗರದ ಒಂದು ಸಣ್ಣ ದೂರದರ್ಶನ ಕೇಂದ್ರದಲ್ಲಿ 1988ರ ನವೆಂಬರ್ 24ರಂದು 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಎಂಬ ಕಾರ್ಯಕ್ರಮ ಆರಂಭವಾಯಿತು. ಅದನ್ನು ಕಲ್ಪಿಸಿದವರು ಜೋಯೆಲ್ ಹಾಡ್ಗ್‌ಸನ್. ಅಂತರಿಕ್ಷದಲ್ಲಿ ಸೆರೆಯಾದ ಒಬ್ಬ ಮನುಷ್ಯ ಕೆಟ್ಟ ಚಿತ್ರಗಳನ್ನು ನೋಡಲೇಬೇಕು. ಜೊತೆಗೆ ಎರಡು ಯಂತ್ರಗೊಂಬೆಗಳು. ಪರದೆಯ ಕೆಳಗೆ ಮೂವರ ನೆರಳು ಕಾಣುತ್ತದೆ, ಚಿತ್ರ ಓಡುತ್ತದೆ, ಇವರು ಕುಳಿತಲ್ಲಿಂದಲೇ ಮಾತನಾಡುತ್ತಾರೆ. 1993ರಲ್ಲಿ ಇದಕ್ಕೆ ಪೀಬಡಿ ಪ್ರಶಸ್ತಿ ಸಂದಿತು. 1999ರಲ್ಲಿ ನಿಂತ ಕಾರ್ಯಕ್ರಮ 2017ರಲ್ಲಿ ಮರಳಿ ಬಂದಿತು.

ಇಂಥ ಮಾತುಗಾರಿಕೆ ಕೊಂಗುನಾಡಿಗೆ ಹೊಸದಲ್ಲ. ರೈಲ್ವೆಯಲ್ಲಿ ನೌಕರಿಯಲ್ಲಿದ್ದ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚರೊಬ್ಬರಿಂದ ಪ್ರೊಜೆಕ್ಟರ್ ಕೊಂಡು ಊರೂರು ಡೇರೆ ಹಾಕಿ ಚಿತ್ರ ತೋರಿಸಿದರು. 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಕಟ್ಟಿದರು. ಮೂಕಿ ಚಿತ್ರಗಳ ಆ ಕಾಲದಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವವರಿದ್ದರು. ಪರದೇಶದ ಚಿತ್ರವನ್ನು ಊರಿನ ಮಾತಿಗೆ ಇಳಿಸುವವನ ಬಾಯಲ್ಲಿ ನಗೆಯೂ ಸೇರದೆ ಇರುವುದುಂಟೇ?

ನೆರೆಯ ಸೇಲಂನ ಮಾಡರ್ನ್ ಥಿಯೇಟರ್ಸಿನ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಒಡೆಯ ಟಿ. ಆರ್. ಸುಂದರಂ ಜವಳಿ ವ್ಯಾಪಾರದ ಮನೆತನದವರು. ಮಲೆಯಾಳದ ಮೊದಲ ವಾಕ್ಚಿತ್ರ 'ಬಾಲನ್' (1938) ಹೊರಬಂದದ್ದು ಅವರ ಸಂಸ್ಥೆಯಿಂದ. ಮೊದಲ ಮಲೆಯಾಳ ವರ್ಣಚಿತ್ರ 'ಕಂಡಂ ಬೆಚ್ಚ ಕೋಟ್' (1961) ಕೂಡ ಅಲ್ಲಿಯದೇ. ಅದೇ ಸಂಸ್ಥೆ 1952ರಲ್ಲಿ ಹಾಲಿವುಡ್ಡಿನ ವಿಲಿಯಂ ಬರ್ಕ್ ಜೊತೆ ಸೇರಿ 'ದಿ ಜಂಗಲ್' ಚಿತ್ರ ತೆಗೆಯಿತು. ತಮಿಳಿನಲ್ಲಿ ಅದು 'ಕಾಡು'. ಆನೆಗಳು ಹಳ್ಳಿಗಳಿಗೆ ನುಗ್ಗುತ್ತಿರುವುದೇಕೆ ಎಂದು ಹುಡುಕುತ್ತ ಹೋದವರಿಗೆ ಕಾಡಿನಲ್ಲಿ ಸಿಗುವುದು ಹಿಮಯುಗದ ಮ್ಯಾಮತ್‌ಗಳು! ನಮ್ಮ ಆನೆಗಳಿಗೇ ಕೂದಲು ಹೊದಿಸಿ ಮ್ಯಾಮತ್ ಮಾಡಿದ್ದರು. ಭಾರತದ ಮೊದಲ ವೈಜ್ಞಾನಿಕ ಕಲ್ಪನಾಚಿತ್ರಗಳಲ್ಲಿ ಒಂದೆಂದು ಎಣಿಸುವ ಇದನ್ನು ನೋಡಿ ಇಂದಿನ ಮಕ್ಕಳು ನಕ್ಕರೆ ತಪ್ಪೆನ್ನಲಾಗದು. ಆದರೆ 'ಬಾಲನ್'ಗೆ ಬಾಯಿ ಕೊಟ್ಟ ಸಂಸ್ಥೆಯೇ ಆನೆಗೆ ಕೂದಲನ್ನೂ ಅಂಟಿಸಿತು. ಆ ಸಾಹಸಬುದ್ಧಿ ಒಂದೇ. ಒಂದು ಕಡೆ ಗೆದ್ದಿತು, ಇನ್ನೊಂದು ಕಡೆ ನಗೆಗೀಡಾಯಿತು.

ಅಮೆರಿಕದ ಆ ಕಾರ್ಯಕ್ರಮದಿಂದ ಕಲಿಯಬೇಕಾದದ್ದು ಇಲ್ಲಿಯೇ ಇದೆ. ಗೊಬ್ಬರ ಮಾರುತ್ತಿದ್ದವರೊಬ್ಬರು ತೆಗೆದ 'ಮ್ಯಾನೋಸ್' (1966) ಎಂಬ ಚಿತ್ರವನ್ನು ಲೋಕವೇ ಮರೆತಿತ್ತು. 1993ರಲ್ಲಿ ಅಲ್ಲಿ ಗೇಲಿಗೊಳಗಾದ ಮೇಲೆ ಅದಕ್ಕೆ ಮರುಜನ್ಮ ಬಂದಿತು; 2011ರಲ್ಲಿ ಹಳೆಯ ಪ್ರತಿ ಸಿಕ್ಕಿ, ದುರಸ್ತಿಯೂ ಆಯಿತು. ನಕ್ಕವರೇ ಉಳಿಸಿದರು.

ತಮಿಳಿನಲ್ಲಿ ವಿಜಯ್ ಟೀವಿಯ 'ಲೊಳ್ಳು ಸಭಾ' 2003ರ ನಂತರ ಜನಪ್ರಿಯ ಚಿತ್ರಗಳನ್ನೇ ಅಣಕಿಸಿತು. ಸಂತಾನಂ ಎಂಬ ನಟನನ್ನು ಬೆಳೆಸಿದ್ದು ಅದೇ. ತಾನು ಅಣಕಿಸಿದ ಚಿತ್ರರಂಗಕ್ಕೇ ಅವರು ಹಾಸ್ಯನಟರಾಗಿ ಹೋದರು. ವಿದೂಷಕ ಆಟದ ಒಳಗಿನವನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ತಿರುಪ್ಪೂರಿನ ನೇಕಾರ ಮನೆಗಳಲ್ಲಿ ತಮಿಳು ಬೆರೆತ ಕನ್ನಡವೊಂದು ಇನ್ನೂ ಬದುಕಿದೆ. ಅದನ್ನು ಕೇಳಿ ನಗುವ ಬೆಂಗಳೂರಿಗರಿದ್ದಾರೆ; ಅದೇ ಮಾತಿನ ಎಡವಟ್ಟುಗಳಿಗೆ ಮನೆಮಂದಿಯೂ ನಗುತ್ತಾರೆ. ಮೊದಲ ನಗೆಗೆ ಹೆದರಿ ಮಕ್ಕಳು ಆ ಮಾತನ್ನೇ ಬಿಡುತ್ತಾರೆ; ಎರಡನೆಯ ನಗೆಯಲ್ಲಿ ಅದನ್ನು ಕಲಿಯುತ್ತಾರೆ. ಗಡಿನಾಡಿನವರಾದ ನಮಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೂದಲು ಹೊದ್ದ ಆ ಆನೆಗಳನ್ನು ನೋಡಿ ನಗೋಣ. ಆದರೆ ಕೊನೆಯವರೆಗೂ ಕುಳಿತು ನೋಡಿಯೇ ನಗೋಣ.