ಒಂದೇ ದಾರಿಗೆ ಎರಡು ಹೆಸರು

ತುಮಕೂರಿನಲ್ಲಿ ನಿಂತು ಕುಣಿಗಲ್ ರಸ್ತೆ ಎಲ್ಲಿ ಎಂದು ಕೇಳಿದರೆ ಯಾರಾದರೂ ದಕ್ಷಿಣದ ಕಡೆ ಕೈ ತೋರಿಸುತ್ತಾರೆ. ಅದೇ ದಾರಿ ಹಿಡಿದು, ಹೆಬ್ಬೂರು ದಾಟಿ ಕುಣಿಗಲ್ ಸೇರಿದ ಮೇಲೆ ಆ ಹೆಸರು ಹೇಳಿದರೆ ಅಲ್ಲಿನವರಿಗೆ ಅರ್ಥವಾಗದು. ಅವರ ಪಾಲಿಗೆ ಅದು ತುಮಕೂರು ರಸ್ತೆ.

ದಾರಿ ಎಲ್ಲಿಗೆ ಹೋಗುತ್ತದೆಯೋ ಆ ಊರಿನ ಹೆಸರಿನಿಂದಲೇ ಅದನ್ನು ಕರೆಯುವುದು ನಮ್ಮಲ್ಲಿ ರೂಢಿ. ತುಮಕೂರಿನ ಗುಬ್ಬಿ ಗೇಟ್, ಶಿರಾ ಗೇಟ್‌ಗಳೂ ಹೀಗೆ ದಿಕ್ಕು ತೋರಿಸುವ ಹೆಸರುಗಳೇ. ನಡೆದು ಹೋಗುವವನಿಗೆ ಬೇಕಾದದ್ದೂ ಅಷ್ಟೇ: ಮುಂದೆ ಯಾವ ಊರು? ಆದರೆ ತೊಡಕು ಇರುವುದೂ ಇಲ್ಲೇ. ಬೆಂಗಳೂರಿನಲ್ಲೂ ಒಂದು ತುಮಕೂರು ರಸ್ತೆ ಉಂಟು. ಊರು ಬದಲಾದರೆ ಅದೇ ಹೆಸರು ಬೇರೆ ದಾರಿಯದಾಗುತ್ತದೆ.

ಎರಡೂ ತುದಿಗಳನ್ನು ಹೆಸರಿಸಿದರೆ ಗೊಂದಲ ತಪ್ಪೀತೇ? ಬೆಂಗಳೂರು–ಹೊನ್ನಾವರ ರಸ್ತೆಗೆ ಹಾಗೆಯೇ ಮಾಡಲಾಯಿತು. ಅದು ಜನರ ಬಾಯಲ್ಲಿ ಬಿ.ಎಚ್. ರಸ್ತೆ ಆಯಿತು. ಇಂದು ತುಮಕೂರು, ತಿಪಟೂರು, ಶಿವಮೊಗ್ಗ, ಎಲ್ಲೆಡೆಯೂ ಬಿ.ಎಚ್. ರಸ್ತೆ ಇದೆ. ಊರಿನ ಹೆಸರು ಬಿಟ್ಟು ಬರೀ ಬಿ.ಎಚ್. ರಸ್ತೆ ಎಂದರೆ ವಿಳಾಸ ಪೂರ್ಣವಾಗದು.

ಸಂಖ್ಯೆ ಕೊಟ್ಟರೂ ಅಷ್ಟೇ. ಕುಣಿಗಲ್ ಮೂಲಕ ಮಂಗಳೂರಿಗೆ ಹೋಗುವ ಹೆದ್ದಾರಿ ಹಿಂದೆ 48 ಆಗಿತ್ತು. ತುಮಕೂರು ಮೂಲಕ ಪುಣೆಯತ್ತ ಸಾಗುವುದು 4. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಬಂದಾಗ ಕುಣಿಗಲ್ ಹೆದ್ದಾರಿ 75 ಆಯಿತು, 48 ಎಂಬುದು ತುಮಕೂರಿನ ಪಾಲಾಯಿತು. ಹಳೆಯ ನಕ್ಷೆ ನಂಬಿ 48 ಹಿಡಿದವನು ಇನ್ನೊಂದು ಊರಿಗೇ ಹೋಗಿ ನಿಲ್ಲಬೇಕಾದೀತು!

ಈ ತೊಡಕಿಗೆ ಬಸ್ಸಿನ ಬೋರ್ಡು ಎಂದೋ ಉತ್ತರ ಕಂಡುಕೊಂಡಿದೆ. ಹೊರಡುವ ಊರು, ಸೇರುವ ಊರು, ಅವುಗಳ ಜೊತೆಗೆ 'ಮಾರ್ಗ' ಎಂದು ನಡುವಿನ ಊರು. ತುಮಕೂರು–ಕುಣಿಗಲ್, ಮಾರ್ಗ ಹೆಬ್ಬೂರು ಎಂದರೆ ಬೇರೆ ದಾರಿಯ ಜೊತೆ ಬೆರೆಯುವ ಭಯವಿಲ್ಲ. ಬ್ರಿಟನ್ನಿನಲ್ಲಿ 2020ರಲ್ಲಿ ಆರಂಭವಾದ 'ಸ್ಲೋ ವೇಸ್' ಯೋಜನೆಯವರು ಊರಿಂದೂರಿಗೆ ನಡೆಯುವ ದಾರಿಗಳಿಗೆ ಎರಡೂ ಊರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ಹೆಸರಿಟ್ಟರು. ಅದೇ ಊರುಗಳ ನಡುವೆ ಇನ್ನೊಂದು ದಾರಿ ಇದ್ದರೆ ಒಂದು, ಎರಡು ಎಂದು ಎಣಿಸಿದರು.

ಇದು ಬರೀ ಹೆಸರಿನ ಆಟವಲ್ಲ. ನಮ್ಮ ಗ್ರಾಮ ನಕಾಶೆಗಳಲ್ಲಿ ಕಾಲುದಾರಿ, ಬಂಡಿದಾರಿಗಳು ಗೆರೆಗಳಾಗಿ ಉಳಿದಿವೆ. 'ನಕಾಶೆ ಕಂಡ ದಾರಿ' ಎಂಬುದಷ್ಟೇ ಅವುಗಳ ಗುರುತು. ಬೇಲಿ ಒಂದು ಮಾರು ಮುಂದೆ ಬಂದರೆ, ಉಳುಮೆ ಗೆರೆ ದಾಟಿದರೆ, ದಾರಿ ಸದ್ದಿಲ್ಲದೆ ಹೊಲವಾಗುತ್ತದೆ. ಹೆಸರಿಲ್ಲದ ದಾರಿ ಹೋಯಿತೆಂದು ದೂರು ಕೊಡುವುದಾದರೂ ಹೇಗೆ? ಊರವರ ಬಾಯಲ್ಲಿ ತನ್ನದೇ ಹೆಸರಿರುವ ದಾರಿಯನ್ನು ಅಳಿಸುವುದು ಅಷ್ಟು ಸುಲಭವಲ್ಲ.