ನೆರೆ ಇಳಿದ ಮೇಲೆ

2009ರ ಅಕ್ಟೋಬರ್ ಮೊದಲ ದಿನಗಳ ಮಳೆಗೆ ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ಜಿಲ್ಲೆ ನಲುಗಿತು. ಮಾನ್ವಿ, ದೇವದುರ್ಗದ ಕಡೆ ಬಿದ್ದ ಮನೆಗಳನ್ನು ಎಣಿಸಬಹುದಿತ್ತು. ಮಳೆಯ ಸದ್ದಿಗೆ ಬೆಚ್ಚಿ ಏಳುವ ನಿದ್ದೆಗೆ ಯಾವ ಪಂಚನಾಮೆ?

ಇಂಥ ಗಾಯಕ್ಕೆ ಊರಿನಲ್ಲೇ ಮದ್ದು ಸಿಗಬೇಕೆಂಬ ಪ್ರಯತ್ನದ ಚರಿತ್ರೆ ಪಕ್ಕದ ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗ ಚಿಕಿತ್ಸೆ ಕಲಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಮೊದಲು ಸೂರು, ನಿದ್ದೆ. ಬಲವಂತವಾಗಿ ಕತೆ ಕೆದಕಿದರೆ ಹಾನಿಯೂ ಆದೀತು. ತಿಂಗಳು ಕಳೆದರೂ ಭಯ ಬಿಡದಿದ್ದರೆ ನುರಿತವರೆದುರು ಆ ರಾತ್ರಿಯನ್ನು ತುಸುತುಸುವೇ ಹೇಳಿಕೊಳ್ಳುವುದು ಚಿಕಿತ್ಸೆಯ ಒಂದು ಕ್ರಮ. ನೆನಪು ಅಳಿಯದು, ಅದು ಮುಗಿದ ಸಂಗತಿಯೆಂದು ಮನಸ್ಸು ಮೆಲ್ಲಗೆ ಒಪ್ಪುತ್ತದೆ.

ಇದಕ್ಕಾಗಿ ದೇವದುರ್ಗದಿಂದ ರಾಯಚೂರಿಗೆ ಮತ್ತೆ ಮತ್ತೆ ಬಸ್ಸು ಹತ್ತುವುದೆಂದರೆ ಕೂಲಿಯವರಿಗೆ ಅಂದಿನ ಕೂಲಿ ಹೋದಂತೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಮನೆಯಿಂದಲೇ, ಕನ್ನಡದಲ್ಲೇ ಮಾತಾಡಬಹುದು.