ಸಾಲ್ಮನ್ ಗಾಳದ ಕೊನೆಯ ಒಂದು ಮೀಟರ್

ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯಲ್ಲಿ ನಿಧಾನವಾಗಿ ಸಾಗುವ ದೋಣಿಯ ಹಿಂದೆ ಗಾಳ ಎಳೆದು ಸಾಲ್ಮನ್ ಹಿಡಿಯುತ್ತಾರೆ. ಇದೇ ಟ್ರೋಲಿಂಗ್. ಮಲ್ಪೆಯ ಟ್ರಾಲ್ ದೋಣಿಗೂ ಇದಕ್ಕೂ ಹೆಸರಿನಲ್ಲಷ್ಟೇ ಹೋಲಿಕೆ. ಇಲ್ಲಿ ಬಲೆಯೇ ಇಲ್ಲ.

ಮೊದಲು ಫ್ಲಾಷರ್ ಎಂಬ ಮಿನುಗುವ ಪಟ್ಟಿ, ಅದರ ಹಿಂದೆ ಲೀಡರ್ ಎಂಬ ದಪ್ಪ ನೈಲಾನ್ ದಾರದ ತುಂಡು, ತುದಿಯಲ್ಲಿ ಹೂಚಿ. ಹೂಚಿಯೆಂದರೆ ಪುಟ್ಟ ಬೊಂಡಾಸಿನಂತೆ ಕಾಣುವ ಮೆದು ಪ್ಲಾಸ್ಟಿಕ್ ಕುಚ್ಚು, ಕೊಕ್ಕೆ ಅದರೊಳಗಿರುತ್ತದೆ. ತಾನಾಗಿ ಕುಣಿಯಲು ಅದಕ್ಕೆ ಬಾರದು. ಫ್ಲಾಷರ್ ಗಿರಗಿರ ಸುತ್ತಿದಾಗ ಲೀಡರ್ ಆ ಎಳೆತವನ್ನು ಹೂಚಿಗೆ ದಾಟಿಸುತ್ತದೆ. ಬಿರುಸಾದ ದಪ್ಪ ದಾರವೇ ಬೇಕಾಗುವುದು ಇದಕ್ಕಾಗಿ. ಲೀಡರ್ ಗಿಡ್ಡವಾದಷ್ಟೂ ಜಿಗಿತ ಜೋರು, ಉದ್ದವಾದಷ್ಟೂ ಸೌಮ್ಯ. ಸಾಲ್ಮನ್ ಜಾತಿಗಳಲ್ಲಿ ಕೋಹೋ ಮೀನಿಗೆ ಗಿಡ್ಡ ದಾರ ಕಟ್ಟುವುದು ರೂಢಿ; ಚಿನೂಕ್‌ಗೆ ಸುಮಾರು ಒಂದು ಮೀಟರ್. ಆದರೂ ಒಬ್ಬೊಬ್ಬ ಗಾಳಗಾರನದು ಒಂದೊಂದು ಲೆಕ್ಕ!

ಹೂಚಿಯ ಬದಲು ಸ್ಪೂನ್ ಎಂಬ ಲೋಹದ ಹುಸಿಮೀನು ಕಟ್ಟಿದರೆ ಅದು ತಾನೇ ಓಲಾಡುತ್ತದೆ.

ಇದೇ ಕರಾವಳಿಯ ಕ್ಯಾಂಪ್‌ಬೆಲ್ ರಿವರ್ ಊರಿನಲ್ಲಿ ಟೈಯೀ ಕ್ಲಬ್ ಎಂಬ ಗಾಳಗಾರರ ಸಂಘ 1924ರಲ್ಲಿ ಆರಂಭವಾಯಿತು. ಹುಟ್ಟು ಹಾಕುವ ದೋಣಿ, ಮುಳ್ಳಿಲ್ಲದ ಒಂಟಿ ಕೊಕ್ಕೆ, ತಾಳುವ ಭಾರ 20 ಪೌಂಡ್ ಮೀರದ ದಾರ: ಇವಿಷ್ಟರಲ್ಲೇ ಕನಿಷ್ಠ 30 ಪೌಂಡ್, ಅಂದರೆ ಸುಮಾರು 13.6 ಕಿಲೋ ತೂಗುವ ಚಿನೂಕ್ ಹಿಡಿದವರಿಗೆ ಮಾತ್ರ ಸದಸ್ಯತ್ವ.